‘ಕಾಲ್ ಆಫ್’ ಅಂದ್ರೆ ರದ್ದು ಅಂತಲೇ ಅಲ್ವಾ? ಈ ಫ್ರೇಸಲ್ ವರ್ಬ್‌ಗಳನ್ನು ಅರ್ಥ ಮಾಡ್ಕೊಳ್ಳುದು ಹೇಗೆ ಮಾರಾಯ್ರೆ

ಗೇರುಬೀಜದ ಲೆಕ್ಕ:

ನಾನು ಮಂಗಳೂರಿನ ಒಂದು ಗೇರುಬೀಜ ಫ್ಯಾಕ್ಟರಿಯ ಆಫೀಸಿನಲ್ಲಿದ್ದೇನೆ. ಕೆಲಸ ಲೆಕ್ಕದ್ದು, ಆದ್ರೆ ಹೊರದೇಶದಿಂದ ಮೇಲ್ ಬಂದ್ರೆ ಅದೂ ನನ್ನ ಟೇಬಲಿಗೇ ಬರ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಓದಿದ್ರೆ ತಿಳೀತದೆ, ಬರೀಲಿಕ್ಕೂ ಬರ್ತದೆ. ಮಂಡೆ ಬಿಸಿ ಆಗುದು ಈ ಪುಟ್ ಆಫ್, ಪುಟ್ ಆನ್, ಪುಟ್ ಅಪ್, ಪುಟ್ ಅಪ್ ವಿತ್ ಅಂತ ಬರ್ತದಲ್ಲ, ಅದರಲ್ಲಿ. ಪುಟ್ ಗೊತ್ತು, ಆಫ್ ಗೊತ್ತು. ಎರಡೂ ಸೇರಿದ ಕೂಡಲೇ ಗುರುತಿಲ್ಲದ ಮೂರನೆಯವ ಬಂದು ಕೂತ ಹಾಗೆ.

ಸುಮ್ಮನೆ ಕೂರಲಿಲ್ಲ ನಾನು. ಮೊಬೈಲಿನಲ್ಲಿ ಸಿಕ್ಕಿದ ಒಂದು ಪಟ್ಟಿ ಪ್ರಿಂಟ್ ತೆಗೆದು, ಮೂರು ತಿಂಗಳು ಸಿಟಿ ಬಸ್ಸಿನಲ್ಲಿ ನಿಂತುಕೊಂಡೇ ಬಾಯಿಪಾಠ ಮಾಡಿದೆ. ಕಾಲ್ ಆಫ್: ರದ್ದು ಮಾಡು. ಪುಟ್ ಆಫ್: ಮುಂದೂಡು. ಟರ್ನ್ ಡೌನ್: ನಿರಾಕರಿಸು. ಹೀಗೆ ಇನ್ನೂರು.

ಈಗ ಕೇಳಿ ಕಥೆ. ಹಾಲೆಂಡಿನ ಒಂದು ಪಾರ್ಟಿಯ ಜೊತೆ ನಮ್ಮದು ಎರಡು ಕಂಟೇನರಿನ ಮಾತುಕತೆ. ಡಬ್ಲ್ಯೂ 320 ಗ್ರೇಡಿನ ಇಡೀ ಬೀಜ, ಕಂಟೇನರಿಗೆ 700 ಕಾರ್ಟನ್. ಮೊದಲನೆಯದ್ದು ಹೋಗಿ ಮುಟ್ಟಿತು. ಏಪ್ರಿಲಿನಲ್ಲಿ ಅವರ ಮೇಲ್ ಬಂತು: ‘ವಿ ವಿಲ್ ಕಾಲ್ ಆಫ್ ದ ಸೆಕೆಂಡ್ ಕಂಟೇನರ್ ಇನ್ ಅರ್ಲಿ ಮೇ.’ ನನಗೆ ಒಳಗಿಂದ ಖುಷಿ. ಪಟ್ಟಿಯಲ್ಲಿದ್ದದ್ದೇ ಬಂದಿದೆಯಲ್ಲ! ಧಣಿಗಳ ಹತ್ರ ಹೋಗಿ ‘ಎರಡನೇದು ಕ್ಯಾನ್ಸಲ್ ಅಂತೆ’ ಅಂದೆ. ಅವರು ಮಾಲನ್ನು ಬಾಂಬೆ ಪಾರ್ಟಿಗೆ ಕೊಟ್ಟುಬಿಟ್ಟರು. ಮೇ ಮೊದಲ ವಾರ ಹಾಲೆಂಡಿನವರ ಮೇಲ್: ನಮ್ಮ ಎರಡನೇ ಕಂಟೇನರ್ ಯಾವ ಹಡಗಿಗೆ ಹಾಕಿದ್ದೀರಿ?

ಆಮೇಲೆ ಆದದ್ದು ಬರೆಯುವುದಿಲ್ಲ. ಬೇರೆ ಫ್ಯಾಕ್ಟರಿಯವರ ಹತ್ರ ಹೆಚ್ಚಿನ ರೇಟಿಗೆ ಮಾಲು ಎತ್ತಿ ಕಳಿಸಿದ್ದಾಯ್ತು. ಧಣಿಗಳು ಬೈಯಲಿಲ್ಲ, ಅದೇ ಹೆಚ್ಚು ಬೇಜಾರು. ‘ನಿನ್ನ ಪಟ್ಟಿ ತಾ ನೋಡುವ’ ಅಂದರು, ಅಷ್ಟೇ.

ಈಗ ನನ್ನ ಪ್ರಶ್ನೆ. ಕಾಲ್ ಆಫ್ ಅಂದ್ರೆ ರದ್ದು ಅಲ್ವಾ? ಪಟ್ಟಿ ತಪ್ಪಾ, ನಾನು ತಪ್ಪಾ, ಹಾಲೆಂಡಿನವ ತಪ್ಪಾ? ಇದನ್ನೆಲ್ಲ ಕಲಿಯುವ ಸರಿಯಾದ ದಾರಿ ಯಾವುದು?

ಪಣಂಬೂರು ನೈಟ್ ಶಿಫ್ಟ್:

ಯಾರದ್ದೂ ತಪ್ಪಲ್ಲ ಮಾರಾಯ್ರೆ. ನಾನು ಬಂದರಿನ ಬದಿಯಲ್ಲಿ ಕಂಟೇನರ್ ಕೆಲಸದಲ್ಲಿರುವವ, ಹಾಗಾಗಿ ಇದು ಗೊತ್ತುಂಟು. ಮ್ಯಾಚ್ ಕಾಲ್ ಆಫ್, ಮುಷ್ಕರ ಕಾಲ್ ಆಫ್ ಅಂದ್ರೆ ರದ್ದು, ಹಿಂತೆಗೆತ. ಅದು ಪೇಪರಿನ ಇಂಗ್ಲಿಷ್. ವ್ಯಾಪಾರದಲ್ಲಿ, ಅದ್ರಲ್ಲೂ ಯುರೋಪಿನವರ ಹತ್ರ, ಕಾಲ್ ಆಫ್ ಅಂದ್ರೆ ಬೇರೆಯೇ. ಮೊದಲೇ ದೊಡ್ಡ ಪ್ರಮಾಣಕ್ಕೆ ಕರಾರು ಮಾಡಿಟ್ಟು, ಬೇಕಾದಾಗ ಬೇಕಾದಷ್ಟು ‘ಈಗ ಕಳಿಸಿ’ ಅಂತ ತರಿಸಿಕೊಳ್ಳುದು. ಕಾಲ್-ಆಫ್ ಆರ್ಡರ್ ಅಂತಲೇ ಹೆಸರು. ದೊಡ್ಡ ಗೋದಾಮಿನಿಂದ ನಮ್ಮ ಪಾಲನ್ನು ಕೂಗಿ ಕರೆದು ಬೇರೆ ಮಾಡಿಕೊಂಡ ಹಾಗೆ.

ನೀವೇ ಕೊನೆಗೆ ಬರೆದಿದ್ದೀರಲ್ಲ, ಬೇರೆಯವರ ಹತ್ರ ‘ಮಾಲು ಎತ್ತಿ’ ಕಳಿಸಿದ್ದು ಅಂತ. ಆ ಎತ್ತುವುದು ಉಂಟಲ್ಲ, ಕಾಲ್ ಆಫ್ ಹತ್ತಿರ ಹತ್ತಿರ ಅದೇ.

ನಮ್ಮಲ್ಲಿ ಇಂಥದ್ದು ತುಂಬ ಉಂಟು. ಕಂಟೇನರ್ ‘ರೋಲ್ ಓವರ್’ ಆಯ್ತು ಅಂದ್ರೆ ಮಗುಚಿ ಬಿತ್ತು ಅಂತ ಹೆದರಬೇಡಿ, ಈ ಹಡಗಿನಲ್ಲಿ ಜಾಗ ಸಿಗದೆ ಮುಂದಿನ ಹಡಗಿಗೆ ಹೋಯ್ತು ಅಂತ. ‘ಶಟ್ ಔಟ್’ ಅಂದ್ರೆ ಗೇಟಿಗೆ ಬಂದರೂ ಹಡಗು ಹತ್ತದೆ ಉಳಿದ ಮಾಲು. ‘ಕಟ್ ಆಫ್’ ಅಂದ್ರೆ ಗೇಟ್ ಒಳಗೆ ತರ್ಲಿಕ್ಕೆ ಕೊನೆಯ ಗಂಟೆ. ಹೊಸ ಹುಡುಗನಿಗೆ ಯಾರೋ ಫೋನಿನಲ್ಲಿ ‘ಯುವರ್ ಬಾಕ್ಸ್ ಈಸ್ ರೋಲ್ಡ್ ಓವರ್’ ಅಂದಾಗ ಅವ ಕ್ರೇನ್ ಎಲ್ಲಿ ಅಂತ ಹುಡುಕ್ಲಿಕ್ಕೆ ಹೋಗಿದ್ದ.

ಪಡುಬಿದ್ರಿ ಮಾಷ್ಟ್ರು:

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಮೊದಲಿಗೆ ಒಂದು ಸಮಾಧಾನದ ಮಾತು. ಇದು ನಿಮ್ಮೊಬ್ಬರ ಕಷ್ಟವಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದಕ್ಕೆ ಸಣ್ಣ ಪದವೊಂದನ್ನು ಅಂಟಿಸಿ ಅರ್ಥ ಬದಲಿಸುವ ಈ ಪದ್ಧತಿಯೇ ಪರದೇಶಿಯರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವುದು ಎಂದು ಬರೆದಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರಾದರೋ ಬಹಳ ಈಚಿನದು. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ತನ್ನ ಪುಸ್ತಕದಲ್ಲಿ ಅದನ್ನು ಬಳಸಿ ಚಾಲ್ತಿಗೆ ತಂದ. ಹೆಸರಿಲ್ಲದೆಯೂ ಜನ ಅಷ್ಟು ಕಾಲ ಅದನ್ನೇ ಮಾತಾಡುತ್ತಿದ್ದರು.

ಗೇರುಬೀಜದವರು ಎಡವಿದ್ದು ಎಲ್ಲಿ ಎಂದು ನನ್ನ ಅಭಿಪ್ರಾಯ ಹೇಳುತ್ತೇನೆ, ಬೇಸರ ಮಾಡಬೇಡಿ. ಆ ವಾಕ್ಯದಲ್ಲಿ ‘ಇನ್ ಅರ್ಲಿ ಮೇ’ ಎಂದಿದೆ. ರದ್ದು ಮಾಡುವವನು ‘ಮುಂದಿನ ತಿಂಗಳ ಮೊದಲ ವಾರ ರದ್ದು ಮಾಡುತ್ತೇನೆ’ ಎಂದು ದಿನ ಇಟ್ಟು ಹೇಳುತ್ತಾನೆಯೇ? ಬೇಡವಾದರೆ ಇವತ್ತೇ ಬೇಡ ಎನ್ನುತ್ತಾನೆ. ನೀವು ಪಟ್ಟಿಯನ್ನು ಓದಿದಿರಿ, ವಾಕ್ಯವನ್ನು ಓದಲಿಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಪಟ್ಟಿಯನ್ನೇ ಬಾಯಿಪಾಠ ಮಾಡಿಸಿದವನು, ಹಾಗಾಗಿ ಈ ಪಾಪದಲ್ಲಿ ನನಗೂ ಪಾಲುಂಟು.

ಗೇರುಬೀಜದ ಲೆಕ್ಕ:

ಮಾಷ್ಟ್ರೇ, ಆ ‘ಅರ್ಲಿ ಮೇ’ ಈಗ ಕಣ್ಣಿಗೆ ಹೊಡೀತದೆ. ಆವತ್ತು ಕಾಣಲೇ ಇಲ್ಲ.

ಕೊಡಿಯಾಲ್‌ಬೈಲ್ ಮಹಡಿ:

ಸುಲಭದ ದಾರಿ ನಾನು ಹೇಳ್ತೇನೆ. ಈ ಎರಡೆರಡು ತುಂಡಿನ ಪದ ಬಳಸಲೇಬೇಡಿ. ಪೋಸ್ಟ್‌ಪೋನ್, ಕ್ಯಾನ್ಸಲ್, ಟಾಲರೇಟ್, ಇನ್ವೆಸ್ಟಿಗೇಟ್ ಅಂತ ಒಂದೇ ಪದದ್ದು ಉಂಟಲ್ಲ. ಅದನ್ನೇ ಬರೆದರಾಯ್ತು. ನಾನು ಇಪ್ಪತ್ತು ವರ್ಷ ಹಾಗೇ ನಡೆಸಿದ್ದೇನೆ.

ದೂರದ ಉಡುಪಿಯವಳು:

ಅಣ್ಣ, ನೀವು ಬಳಸದೆ ಇರಬಹುದು. ಎದುರಿನವರು ಬಳಸುದನ್ನು ನಿಲ್ಲಿಸ್ಲಿಕ್ಕೆ ಆಗ್ತದಾ?

ನಾನು ಉಡುಪಿ ಕಡೆಯವಳು, ಇಂಗ್ಲೆಂಡಿನಲ್ಲಿ ನರ್ಸ್. ಬರುವ ಮೊದಲು ಇಂಗ್ಲಿಷ್ ಪರೀಕ್ಷೆಗೆ ಓದಿದ್ದೆಲ್ಲ ವಾಮಿಟಿಂಗ್, ಅನ್‌ಕಾನ್ಷಿಯಸ್, ಇನ್‌ಫ್ಲಮೇಷನ್. ಇಲ್ಲಿ ವಾರ್ಡಿನಲ್ಲಿ ಒಬ್ಬ ಅಜ್ಜಿಯೂ ಆ ಪದ ಹೇಳುದಿಲ್ಲ. ವಾಂತಿಗೆ ‘ಥ್ರೋ ಅಪ್’. ಮೂರ್ಛೆ ಹೋಗುದಕ್ಕೆ ‘ಪಾಸ್ ಔಟ್’, ‘ಬ್ಲ್ಯಾಕ್ ಔಟ್’. ಬಾವು ಬರುದಕ್ಕೆ ‘ಸ್ವೆಲ್ ಅಪ್’. ಮೈಮೇಲೆ ದದ್ದು ಎದ್ರೆ ‘ಕಮ್ ಔಟ್ ಇನ್ ಎ ರ‍್ಯಾಶ್’. ಅರಿವಳಿಕೆಯಿಂದ ಎಚ್ಚರ ಆಗುದಕ್ಕೆ ‘ಕಮ್ ರೌಂಡ್’. ನೋವಿನ ಮಾತ್ರೆಯ ಪವರ್ ಇಳಿದ್ರೆ ‘ವೇರ್ ಆಫ್’. ಡಾಕ್ಟರ ನೋಟಿನಲ್ಲಿ ದೊಡ್ಡ ಪದ, ಪೇಶಂಟಿನ ಬಾಯಲ್ಲಿ ಸಣ್ಣ ಪದ. ನಮಗೆ ಎರಡೂ ಬೇಕು.

ಬಂದ ಎರಡನೇ ವಾರ. ಬೆಳಗ್ಗೆ ಎಂಟೂವರೆಗೆ ಒಬ್ಬರು ಎಂಬತ್ತು ದಾಟಿದ ಅಜ್ಜಿ ನನ್ನ ಕೈ ಹಿಡಿದು ಮೆಲ್ಲ ಹೇಳಿದ್ರು: ‘ಐ ಬ್ರಾಟ್ ಅಪ್ ಮೈ ಬ್ರೇಕ್‌ಫಾಸ್ಟ್, ಡಿಯರ್.’ ಬ್ರಾಟ್ ಅಂದ್ರೆ ತಂದದ್ದು. ಅಪ್ ಅಂದ್ರೆ ಮೇಲೆ. ಪಾಪ, ತಿಂಡಿಯನ್ನು ತಾವೇ ಕೆಳಗಿಂದ ಮಹಡಿಗೆ ತಂದುಕೊಂಡ್ರು ಅಂತ ನನ್ನ ಲೆಕ್ಕ. ‘ವೆರಿ ಗುಡ್!’ ಅಂದೆ. ಚಾರ್ಟಿನಲ್ಲಿ ತಿಂಡಿ ಆಯ್ತು ಅಂತ ಗುರುತು ಹಾಕಿದೆ. ಅಜ್ಜಿ ನನ್ನ ಮುಖವನ್ನೇ ನೋಡ್ತಾ ಉಳಿದ್ರು. ಸ್ವಲ್ಪ ಹೊತ್ತಿಗೆ ಸೀನಿಯರ್ ಬಂದು ಚಾದರ ನೋಡಿ, ನನ್ನನ್ನು ನೋಡಿ, ಚಾರ್ಟ್ ನೋಡಿ. ಅಜ್ಜಿ ತಿಂದದ್ದನ್ನೆಲ್ಲ ಕಕ್ಕಿದ್ದರು.

ಬ್ರಿಂಗ್ ಅಪ್ ಅಂದ್ರೆ ಸಾಕಿ ಬೆಳೆಸುದು ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ರು. ಮಾತು ತೆಗೆಯುದು ಅಂತಲೂ ಉಂಟು, ‘ಆ ವಿಷಯ ಈಗ ಎತ್ತಬೇಡ’ ಅನ್ನುವ ಹಾಗೆ. ಮೂರರಲ್ಲಿ ಯಾವುದು ಅಂತ ಹೇಳುದು ಪಕ್ಕದ ಪದ. ಮಗು ಇದ್ರೆ ಸಾಕುದು, ವಿಷಯ ಇದ್ರೆ ಎತ್ತುದು, ತಿಂಡಿ ಇದ್ರೆ ಬಕೆಟ್ ತರುದು.

ಕುಂದಾಪ್ರದ್ ಹೈದ:

ಅಕ್ಕ, ಬಕೆಟ್ ತರುದು ಓದಿ ನೆಗಾಡಿ ನೆಗಾಡಿ ಸಾಕಾಯ್ತ್.

ನಂದೊಂದ್ ಡೌಟ್. ಪಾಸ್ ಔಟ್ ಅಂದ್ರೆ ಮೂರ್ಛೆ ಅಂತಾದ್ರೆ ನಾವೆಲ್ಲ ರೆಸ್ಯೂಮಿನಂಗೆ ‘ಪಾಸ್ಡ್ ಔಟ್ ಇನ್ 2019’ ಅಂತ ಬರ್ಕಂಡದ್ದ್ ತಪ್ಪಾ?

ಪಡುಬಿದ್ರಿ ಮಾಷ್ಟ್ರು:

ಭಾರತದ ಇಂಗ್ಲಿಷಿನಲ್ಲಿ ಅದು ಸರಿಯೇ. ಬ್ರಿಟಿಷರಲ್ಲಿಯೂ ಸೈನ್ಯ, ಪೊಲೀಸ್ ತರಬೇತಿ ಮುಗಿಸಿದವರಿಗೆ ‘ಪಾಸಿಂಗ್ ಔಟ್ ಪರೇಡ್’ ಇದೆ. ಕಾಲೇಜಿಗೆ ಮಾತ್ರ ಅವರು ಹಾಗೆ ಹೇಳುವುದಿಲ್ಲ. ಹೊರದೇಶಕ್ಕೆ ಕಳಿಸುವ ರೆಸ್ಯೂಮ್ ಆದರೆ ‘ಗ್ರ್ಯಾಜುಯೇಟೆಡ್’ ಎಂದು ಬರೆಯಿರಿ. ಈ ವಿಷಯದ ಜೋಕು ಎಲ್ಲರೂ ಹೇಳಿ ಹೇಳಿ ಹಳಸಿದೆ, ನಾನು ಹೇಳುವುದಿಲ್ಲ.

ಇದೇ ಜಾತಿಯವು ಇನ್ನೂ ಉಂಟು. ಫಾರಂ ತುಂಬುವುದಕ್ಕೆ ನಾವು ‘ಫಿಲ್ ಅಪ್’ ಎನ್ನುತ್ತೇವೆ. ಬ್ರಿಟನಿನವರಿಗೆ ಅದು ‘ಫಿಲ್ ಇನ್’, ಅಮೆರಿಕದವರಿಗೆ ‘ಫಿಲ್ ಔಟ್’. ಒಂದೇ ಫಾರಂ, ಒಬ್ಬನಿಗೆ ಒಳಗೆ, ಇನ್ನೊಬ್ಬನಿಗೆ ಹೊರಗೆ. ನಿಭಾಯಿಸುವುದಕ್ಕೆ ‘ಕೋಪ್ ಅಪ್ ವಿತ್’ ಎನ್ನುವುದು ಮಾತ್ರ ತಪ್ಪು. ‘ಕೋಪ್ ವಿತ್’ ಸಾಕು, ಅಲ್ಲಿ ಅಪ್‌ಗೆ ಕೆಲಸವಿಲ್ಲ. ‘ಕ್ಯಾಚ್ ಅಪ್ ವಿತ್’ನ ನೆರಳು ಅದರ ಮೇಲೆ ಬಿದ್ದಿರಬೇಕು.

ಫೈಲ್ ಗುಮಾಸ್ತ:

ಪುಟ್ ಅಪ್ ಬಗ್ಗೆ ನನಗೆ ಹಕ್ಕುಂಟು. ಸರಕಾರಿ ನೌಕರಿಯಲ್ಲಿ ಇದ್ದಷ್ಟೂ ದಿನ ದಿನಕ್ಕೆ ಹತ್ತು ಸಲವಾದರೂ ಕಂಡ ಶಬ್ದ. ಸಾಹೇಬರು ಫೈಲಿನ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ‘ಪುಟ್ ಅಪ್’ ಅಂತ ಗೀಚಿ ಕಳಿಸಿದ್ರೆ, ಕಡತ ಸಿದ್ಧ ಮಾಡಿ ಸಹಿಗೆ ಮಂಡಿಸಿ ಅಂತ ಅರ್ಥ. ಮಗಳ ಮದುವೆಯಾದ ಮೇಲೆ ಅಳಿಯನ ಬ್ರಿಟಿಷ್ ಸ್ನೇಹಿತನೊಬ್ಬ ಮನೆಗೆ ಬಂದಿದ್ದ. ‘ಥ್ಯಾಂಕ್ಸ್ ಫಾರ್ ಪುಟಿಂಗ್ ಮಿ ಅಪ್’ ಅಂದ. ನನ್ನನ್ನು ಮಂಡಿಸಿದ್ದಕ್ಕೆ ವಂದನೆ! ಆಮೇಲೆ ತಿಳಿಯಿತು, ರಾತ್ರಿ ಉಳಿಯಲಿಕ್ಕೆ ಜಾಗ ಕೊಟ್ಟದ್ದಕ್ಕೆ. ನಮ್ಮವರು ‘ವೇರ್ ಆರ್ ಯು ಪುಟ್ ಅಪ್’ ಅಂತ ಕೇಳುದು ಅದರ ಸಂಬಂಧಿಯೇ ಇರಬೇಕು.

ಅದಕ್ಕೆ ವಿತ್ ಸೇರಿದ್ರೆ ಸಹಿಸಿಕೊಳ್ಳುದು. ಪುಟ್ ಅಪ್ ಮಾಡಿದ ಫೈಲು ಮೂರು ಸಲ ವಾಪಸ್ ಬಂದ್ರೆ ಪುಟ್ ಅಪ್ ವಿತ್ ಮಾಡಬೇಕು. ಹಾಗೆ ನೆನಪಿಟ್ಟುಕೊಳ್ಳಿ.

ಸುಮ್ನೆ ಓದುವವ:

ಇಷ್ಟೆಲ್ಲ ಓದಿ ಹೆದರಿಕೆ ಹೆಚ್ಚಾಯ್ತು. ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆ ಇದು. ‘ಅಲಾರಂ ವೆಂಟ್ ಆಫ್’ ಅಂದ್ರೆ ಬಡಿಯಲು ಶುರು ಆಯ್ತು. ‘ಲೈಟ್ಸ್ ವೆಂಟ್ ಆಫ್’ ಅಂದ್ರೆ ನಂದಿ ಹೋಯ್ತು. ಒಂದು ಶುರು, ಒಂದು ಬಂದ್. ಅದೇ ಎರಡು ಪದ! ಯಾರು ಮಾಡಿದ್ದು ಇದನ್ನು?

ದಕ್ಕೆ ಬದಿ:

ಮೂರನೇದು ಬಿಟ್ಟಿರಿ. ‘ದ ಫಿಶ್ ಹ್ಯಾಸ್ ಗಾನ್ ಆಫ್’ ಅಂದ್ರೆ ಮೀನು ಹಾಳಾಯ್ತು. ಬೇಸಗೆಯಲ್ಲಿ ಐಸ್ ಕಮ್ಮಿ ಬಿದ್ದ ಬಂಗುಡೆಯ ಕಿವಿರು ಎತ್ತಿ ನೋಡಿ, ಕೆಂಪು ಹೋಗಿ ಕಂದು ಬಂದಿರ್ತದೆ, ಬೆರಳಲ್ಲಿ ಒತ್ತಿದ್ರೆ ಗುಳಿ ಬಿದ್ದದ್ದು ಮೇಲೆ ಬರುದಿಲ್ಲ. ಅದು ಗಾನ್ ಆಫ್.

ನನಗೆ ಇಂಗ್ಲಿಷ್ ಗ್ರಾಮರ್ ಗೊತ್ತಿಲ್ಲ. ಆದ್ರೆ ಒಂದು ಲೆಕ್ಕ ಹಾಕಿದ್ದೇನೆ. ಆಫ್ ಅಂದ್ರೆ ಇದ್ದ ಜಾಗ ಬಿಟ್ಟು ಹೋಗುದು. ಅಲಾರಂ ಸುಮ್ಮನೆ ಇತ್ತು, ಸುಮ್ಮನಿರುದನ್ನು ಬಿಟ್ಟಿತು. ಲೈಟ್ ಉರೀತಾ ಇತ್ತು, ಉರಿಯುದನ್ನು ಬಿಟ್ಟಿತು. ಮೀನು ಒಳ್ಳೇದಿತ್ತು, ಒಳ್ಳೇತನ ಬಿಟ್ಟಿತು. ಸರಿಯಾ ಮಾಷ್ಟ್ರೇ?

ಪಡುಬಿದ್ರಿ ಮಾಷ್ಟ್ರು:

ನೀವು ಗ್ರಾಮರ್ ಗೊತ್ತಿಲ್ಲ ಎಂದದ್ದನ್ನು ವಾಪಸ್ ತೆಗೆದುಕೊಳ್ಳಿ. ಟೇಕ್ ಆಫ್, ಸೆಟ್ ಆಫ್, ಸೀ ಆಫ್, ಡ್ರಾಪ್ ಆಫ್ ಎಲ್ಲದರಲ್ಲೂ ಈ ಬಿಡುವುದು, ಬೇರೆಯಾಗುವುದು ಕಾಣುತ್ತದೆ. ಹಾಲೆಂಡಿನವನ ಕಾಲ್ ಆಫ್‌ನಲ್ಲಿಯೂ ಕಾಣುತ್ತದೆ, ದೊಡ್ಡ ಕರಾರಿನಿಂದ ಒಂದು ಪಾಲು ಬೇರೆಯಾಗುವುದು. ಆದರೆ ಈ ಲೆಕ್ಕವನ್ನು ತೀರಾ ನಂಬಬೇಡಿ. ಅಪ್‌ಗೆ ಬಂದಾಗ ಅದು ಕೈಕೊಡುತ್ತದೆ. ಮನೆ ‘ಬರ್ನ್ ಡೌನ್’ ಆಗುತ್ತದೆ, ಕಾಗದ ‘ಬರ್ನ್ ಅಪ್’ ಆಗುತ್ತದೆ, ಎರಡೂ ಸುಟ್ಟು ಬೂದಿಯೇ. ‘ಸ್ಲೋ ಡೌನ್’ ಎಂದರೂ ನಿಧಾನ, ‘ಸ್ಲೋ ಅಪ್’ ಎಂದರೂ ನಿಧಾನ.

ಗೇರುಬೀಜದ ಲೆಕ್ಕ:

ಮಾಷ್ಟ್ರೇ, ಒಂದು ನಿಮಿಷ. ನೀವೀಗ ‘ಕೈಕೊಡುತ್ತದೆ’ ಅಂತ ಬರೆದ್ರಿ. ಕೈ ಕೊಡುದು ಅಂದ್ರೆ ಸಹಾಯಕ್ಕೆ ಕೈ ಚಾಚುದು ಅಲ್ವಾ ಆಗಬೇಕಿತ್ತು? ನಮ್ಮಲ್ಲಿ ನಂಬಿದ ಹೊತ್ತಿಗೆ ಬಿಟ್ಟು ಹೋಗುದು. ಕೈ ಗೊತ್ತು, ಕೊಡು ಗೊತ್ತು, ಸೇರಿದ್ರೆ ಮೂರನೆಯವ!

ಪಡುಬಿದ್ರಿ ಮಾಷ್ಟ್ರು:

ಬರೆಯುವಾಗ ನನಗೇ ಗಮನ ಬರಲಿಲ್ಲ ನೋಡಿ. ಕೈಕೊಡು, ಕೈಹಾಕು, ಕೈಬಿಡು, ಕೈಗೊಳ್ಳು, ಕೈ ಎತ್ತು. ಕೈಗೊಳ್ಳು ಎಂದರೆ ಕೆಲಸ ಆರಂಭಿಸುವುದು, ಕೈ ಎತ್ತು ಎಂದರೆ ಇನ್ನು ನನ್ನಿಂದಾಗದು ಎನ್ನುವುದು. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ಸಿಕ್ಕಿದರೆ ‘ಕೈ’ ಇರುವ ಪುಟ ತೆರೆಯಿರಿ, ಅದರ ಜೊತೆ ಕೂಡಿದ ಪದಗಳ ಸಾಲು ಕಾಣುತ್ತದೆ. ಜರ್ಮನಿಯಿಂದ ಬಂದ ಆ ಪಾದ್ರಿಗೆ ನಮ್ಮ ಈ ಜೋಡಿಗಳು ಎಷ್ಟು ಮಂಡೆ ಬಿಸಿ ಮಾಡಿರಬೇಕು!

ಇಂಗ್ಲಿಷಿನಲ್ಲಿ ಕ್ರಿಯಾಪದದ ಹಿಂದೆ ಬಾಲ, ನಮ್ಮಲ್ಲಿ ಅದರ ಮುಂದೆ ಕೈ, ಬಾಯಿ, ತಲೆ. ಕಟ್ಟೋಣ ಬೇರೆ. ಆದರೆ ಎರಡನ್ನು ಕೂಡಿಸಿದಾಗ ಲೆಕ್ಕಕ್ಕೆ ಸಿಗದ ಅರ್ಥ ಹುಟ್ಟುವುದು ಒಂದೇ.

ಕುಂದಾಪ್ರದ್ ಹೈದ:

ಮಾಷ್ಟ್ರೇ, ಬಾಲ ನಮ್ಮಲ್ಲೂ ಇತ್ತಲೆ. ‘ತಿಂದ್ ಹಾಕ್ದ’ ಅಂದ್ರೆ ತಿಂದ್ ಎಲ್ಲಿಗ್ ಹಾಕ್ದ? ಎಲ್ಲಿಗೂ ಇಲ್ಲ, ಪೂರಾ ತಿಂದ. ಅದೇ ಅಲ್ದಾ ‘ಈಟ್ ಅಪ್’? ‘ಅಂಗಿ ಹಾಕ್ಕಂಡ್ ಕಾಣಿ’ ಅಂದ್ರೆ ‘ಟ್ರೈ ಆನ್’. ಕಾಂಬುದೇ ಕೆಲ್ಸ ಅಲ್ಲ ಅಲ್ಲಿ.

ದೂರದ ಉಡುಪಿಯವಳು:

ಹೌದಲ್ಲ! ಇದು ಹೊಳೆದೇ ಇರಲಿಲ್ಲ. ಡ್ರಿಂಕ್ ಅಪ್, ಯೂಸ್ ಅಪ್, ಫಿನಿಶ್ ಅಪ್ ಎಲ್ಲದರಲ್ಲೂ ಅಪ್ ಅಂದ್ರೆ ‘ಪೂರ್ತಿ ಮಾಡಿಬಿಡು’. ಕ್ಯಾರಿ ಆನ್, ಗೋ ಆನ್, ಕೀಪ್ ಆನ್‌ನಲ್ಲಿ ಆನ್ ಅಂದ್ರೆ ‘ಮಾಡ್ತಾ ಇರು’. ನಮ್ಮ ‘ಬಿಡು’, ‘ಇರು’, ‘ಹಾಕು’, ‘ನೋಡು’ ಮಾಡುವ ಕೆಲಸವನ್ನು ಅವರ ಅಪ್ಪು ಆನು ಮಾಡ್ತಾ ಉಂಟು. ನಾನು ಇಷ್ಟು ದಿನ ಅಪ್ ಕಂಡ ಕೂಡಲೇ ಮೇಲೆ ನೋಡ್ತಿದ್ದೆ.

ದಕ್ಕೆ ಬದಿ:

ನನ್ನ ಆಫ್ ಲೆಕ್ಕ ನಂಬಬೇಡಿ ಅಂದ್ರಲ್ಲ, ಈಗ ನಮ್ಮದೇ ‘ಬಿಡು’ ತೆಗೆಯಿರಿ. ಶಾಲೆ ಬಿಟ್ಟಿತು: ಮುಗೀತು. ಬಸ್ಸು ಬಿಟ್ಟಿತು: ಹೊರಟಿತು. ಮಳೆ ಬಿಟ್ಟಿತು: ನಿಂತಿತು. ಹಲಸಿನ ಮರ ಕಾಯಿ ಬಿಟ್ಟಿತು: ಬಂತು. ನನ್ನ ತಮ್ಮ ಕುಡಿತ ಬಿಟ್ಟ, ಗಡ್ಡ ಬಿಟ್ಟ. ಒಂದನ್ನು ನಿಲ್ಲಿಸಿದ, ಇನ್ನೊಂದನ್ನು ಬೆಳೆಸಿದ. ಇಂಗ್ಲಿಷಿನವನಿಗೆ ಇದನ್ನು ಹೇಗೆ ವಿವರಿಸ್ತೀರಿ? ಅವ ಪಟ್ಟಿ ಮಾಡಿ ‘ಬಿಡು: ತ್ಯಜಿಸು’ ಅಂತ ಬಾಯಿಪಾಠ ಮಾಡಿದ್ರೆ, ಗಡ್ಡ ಬಿಟ್ಟವನು ಕ್ಷೌರದಂಗಡಿಯಿಂದ ಬಂದ ಅಂತ ತಿಳಿದಾನು.

ಸುಮ್ನೆ ಓದುವವ:

ಅಲಾರಂ ಮತ್ತು ಲೈಟಿನ ಮೇಲೆ ಹಾಕಿದ ಕೇಸು ವಾಪಸ್ ತೆಗೆದಿದ್ದೇನೆ.

ಕೊಡಿಯಾಲ್‌ಬೈಲ್ ಮಹಡಿ:

ಹೋಲಿಕೆ ಚಂದ ಉಂಟು, ಒಪ್ತೇನೆ. ಆದ್ರೆ ನಾವು ಬಿಡು, ಹಾಕು ಕಲಿತದ್ದು ಅಮ್ಮನ ಬಾಯಿಂದ, ವರ್ಷಗಟ್ಟಲೆ ಕೇಳಿ. ನಲವತ್ತು ದಾಟಿದವ ಆಫೀಸಿನಲ್ಲಿ ಕೂತು ಹಾಗೆ ಕಲಿಯುದು ಹೇಗೆ? ಹೋಲಿಕೆಯಿಂದ ಗೇರುಬೀಜದವರ ನಾಳೆಯ ಮೇಲ್‌ಗೆ ಉಪಯೋಗ ಏನು?

ಪಣಂಬೂರು ನೈಟ್ ಶಿಫ್ಟ್:

ಪ್ರಶ್ನೆ ಸರಿ ಉಂಟು. ನಾನು ಮಾಡಿದ್ದು ಹೇಳ್ತೇನೆ. ಪದ ಬರೆಯುದು ಬಿಟ್ಟೆ, ಬಂದ ವಾಕ್ಯವನ್ನೇ ಹಾಗೇ ಬರೆದಿಟ್ಟುಕೊಂಡೆ. ಯಾರು ಹೇಳಿದ್ದು, ಯಾವ ಕೆಲಸದ ನಡುವೆ ಅಂತಲೂ. ಪಕ್ಕದಲ್ಲಿ ನಿಘಂಟಿನ ಕನ್ನಡ ಅಲ್ಲ, ಯಾರ್ಡಿನಲ್ಲಿ ನಾವು ಏನು ಹೇಳ್ತೇವೋ ಅದು. ರೋಲ್ ಓವರಿಗೆ ‘ಮುಂದಿನ ಹಡಗಿಗೆ ಬಿತ್ತು’. ಹೋಲ್ಡ್ ಅಪ್‌ಗೆ ‘ಸಿಕ್ಕಿ ಬಿದ್ದಿದೆ’, ಕಸ್ಟಮ್ಸಿನಲ್ಲಿ ‘ಹೆಲ್ಡ್ ಅಪ್’ ಅಂದ್ರೆ ಅದೇ. ಒಬ್ಬ ಮನುಷ್ಯನ ಕೆಲಸಕ್ಕೆ ಇನ್ನೂರು ಬೇಡ. ನನಗೆ ದಿನಾ ಬರುದು ಮೂವತ್ತರ ಒಳಗೆ.

ಮತ್ತೆ ದುಡ್ಡು, ತಾರೀಕು, ಮಾಲು ಇರುವ ವಾಕ್ಯದಲ್ಲಿ ಡೌಟ್ ಬಂದ್ರೆ ಸಾದಾ ಇಂಗ್ಲಿಷಿನಲ್ಲಿ ವಾಪಸ್ ಕೇಳಿ: ನಾವು ಮೇ ಮೊದಲ ವಾರ 700 ಕಾರ್ಟನ್ ಕಳಿಸಬೇಕು ಅಂತ ತಾನೆ? ಅದರಲ್ಲಿ ಮರ್ಯಾದೆ ಹೋಗುದಿಲ್ಲ. ಹಾಲೆಂಡಿನವನಿಗೂ ಇಂಗ್ಲಿಷ್ ಮನೆ ಮಾತಲ್ಲ.

ಪಡುಬಿದ್ರಿ ಮಾಷ್ಟ್ರು:

ಬರೆಯುವಾಗ ಬೇಕಾಗುವ ಒಂದು ಸೂಕ್ಷ್ಮ ಉಂಟು, ಅದನ್ನೂ ಹೇಳಿಬಿಡುತ್ತೇನೆ. ‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’, ಎರಡೂ ನಡೆಯುತ್ತದೆ. ಆದರೆ ಫ್ಯಾನಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಟರ್ನ್ ಆಫ್ ಇಟ್’ ಎಂದರೆ ಕಿವಿಗೆ ಕಲ್ಲು ಸಿಕ್ಕಿದ ಹಾಗೆ. ಹಾಗೆಂದು ಎಲ್ಲವೂ ಬಿಡಿಸಿಕೊಳ್ಳುವುದಿಲ್ಲ. ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು. ‘ಲುಕ್ ಹರ್ ಆಫ್ಟರ್’ ಇಲ್ಲ. ಯಾವುದು ಬಿಡಿಸಿಕೊಳ್ಳುತ್ತದೆ ಎಂಬುದಕ್ಕೆ ಒಳ್ಳೆಯ ಲರ್ನರ್ಸ್ ಡಿಕ್ಷನರಿಗಳಲ್ಲಿ ಗುರುತು ಇರುತ್ತದೆ.

ಕೇಳುವಾಗ ಒತ್ತು ಗಮನಿಸಿ. ‘ಲುಕ್ ಅಟ್’ನಲ್ಲಿ ಒತ್ತು ಲುಕ್ ಮೇಲೆ, ‘ಲುಕ್ ಅಪ್’ನಲ್ಲಿ ಅಪ್ ಮೇಲೆ. ಅದೇ ಜೋಡಿ ನಾಮಪದವಾದರೆ ಒತ್ತು ಮುಂದಕ್ಕೆ ಬಂದು ಎರಡೂ ಅಂಟಿಕೊಳ್ಳುತ್ತವೆ. ನಾವು ಕನ್ನಡಕ್ಕೆ ತಂದುಕೊಂಡದ್ದು ಹೆಚ್ಚಾಗಿ ಆ ಅಂಟಿದ ರೂಪ: ಚೆಕಪ್, ಮೇಕಪ್, ಸೆಟಪ್, ಬ್ಯಾಕಪ್. ಅದಕ್ಕೆ ಮತ್ತೆ ನಮ್ಮ ‘ಮಾಡು’ ಸೇರಿಸಿ ಕ್ರಿಯಾಪದ ಮಾಡಿಕೊಂಡೆವು.

ಫೈಲ್ ಗುಮಾಸ್ತ:

ಪಿಕಪ್ ಮರೆತಿರಿ ಮಾಷ್ಟ್ರೇ. ಮೀನು ತರುವ ಗಾಡಿಯೂ ಪಿಕಪ್, ಮಗುವನ್ನು ಶಾಲೆಯಿಂದ ಕರ್ಕೊಂಡು ಬರುದೂ ಪಿಕಪ್, ನನ್ನ ಹಳೇ ಸ್ಕೂಟರಿಗೆ ಕದ್ರಿ ಏರಿನಲ್ಲಿ ಇಲ್ಲದ್ದೂ ಪಿಕಪ್.

ಕುಂದಾಪ್ರದ್ ಹೈದ:

ಸರಕಾರಿ ಬಸ್ಸಿನ ಕಂಡಕ್ಟ್ರ್ ‘ಹೋಲ್ಡಾನ್ ಹೋಲ್ಡಾನ್’ ಅಂತ ಕೂಗುದ್? ನಾನ್ ಸಣ್ಣಕ್ಕಿಪ್ಪತಿಗೆ ಅದ್ ಕನ್ನಡ ಶಬ್ದ ಅಂದೇಳಿ ಮಾಡಿದ್ದೆ.

ಪಡುಬಿದ್ರಿ ಮಾಷ್ಟ್ರು:

ಹೋಲ್ಡ್ ಆನ್. ಸ್ವಲ್ಪ ತಡೆ ಎನ್ನುವ ಫ್ರೇಸಲ್ ವರ್ಬ್. ಒಂದು ಅಕ್ಷರ ಇಂಗ್ಲಿಷ್ ಬಾರದ ಅಜ್ಜಿಯಂದಿರೂ ಆ ಕೂಗು ಕೇಳಿ ಸರಿಯಾದ ಸ್ಟಾಪಿನಲ್ಲಿ ಇಳಿದಿದ್ದಾರೆ. ನನ್ನ ಕ್ಲಾಸಿನಲ್ಲಿ ಅದಕ್ಕೆ ಎರಡು ಅಂಕ ಇಟ್ಟಿದ್ದೆ, ಅರ್ಧ ಮಕ್ಕಳು ತಪ್ಪು ಬರೆದಿದ್ದರು. ಬಸ್ಸಿನಲ್ಲಿ ಬಂದ ಮಕ್ಕಳೇ.

ಗೇರುಬೀಜದ ಲೆಕ್ಕ:

ಎಲ್ಲರಿಗೂ ಉಪಕಾರ ಆಯ್ತು. ಪ್ರಿಂಟ್ ತೆಗೆದ ಪಟ್ಟಿ ಈಗ ಧಣಿಗಳ ಟೇಬಲಿನ ಗ್ಲಾಸಿನಡಿ ಉಂಟು, ನನಗೆ ವಾಪಸ್ ಕೇಳ್ಲಿಕ್ಕೆ ಧೈರ್ಯ ಇಲ್ಲ. ಹೊಸ ನೋಟುಬುಕ್ ಶುರು ಮಾಡಿದ್ದೇನೆ. ಮೊದಲ ಸಾಲು ಹಾಲೆಂಡಿನವನ ಆ ವಾಕ್ಯವೇ, ಪಕ್ಕದಲ್ಲಿ ‘ಮಾಲು ಎತ್ತುತ್ತಾರೆ’.

ಇವತ್ತು ಮಧ್ಯಾಹ್ನ ಇನ್ನೊಂದು ಮೇಲ್ ಬಂದಿದೆ, ಇನ್ನೂ ಉತ್ತರ ಹಾಕ್ಲಿಲ್ಲ. ‘ಪ್ಲೀಸ್ ಫರ್ಮ್ ಅಪ್ ದ ಶಿಪ್‌ಮೆಂಟ್ ಡೇಟ್ ಸೋ ದಟ್ ವಿ ಕ್ಯಾನ್ ಲೈನ್ ಅಪ್ ದ ವೇರ್‌ಹೌಸ್.’ ಎರಡು ಅಪ್ ಉಂಟು. ಅಕ್ಕ ಹೇಳಿದ ಹಾಗೆ ಮೇಲೆ ನೋಡ್ಲಿಲ್ಲ. ಮೊದಲನೆಯದ್ದು ತಾರೀಕು ಗಟ್ಟಿ ಮಾಡಿ ಹೇಳಿ ಅಂತ, ಅಲ್ವಾ? ಎರಡನೆಯದ್ದಕ್ಕೆ ಗೋದಾಮನ್ನು ಸಾಲಾಗಿ ನಿಲ್ಲಿಸುದು ಅಂತ ಬರ್ತದೆ, ಅದು ಇರಲಿಕ್ಕಿಲ್ಲ.

ಪಣಂಬೂರು ನೈಟ್ ಶಿಫ್ಟ್:

ಮೊದಲನೇದು ಸರಿ. ಲೈನ್ ಅಪ್ ಅಂದ್ರೆ ಇಲ್ಲಿ ಮೊದಲೇ ಹೇಳಿ ಗೊತ್ತು ಮಾಡಿಡುದು, ಮದುವೆಗೆ ಅಡಿಗೆಯವರನ್ನು ಗೊತ್ತು ಮಾಡ್ತೇವಲ್ಲ, ಹಾಗೆ. ತಾರೀಕು ಬರೆಯುವ ಮೊದಲು ಶಿಪ್ಪಿಂಗ್ ಲೈನಿನವರ ಹತ್ರ ಕಟ್ ಆಫ್ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಮಳೆ ಶುರುವಾದ್ರೆ ಗೇಟಿನಲ್ಲಿ ಲಾರಿ ಸಾಲು ಉದ್ದ ಆಗ್ತದೆ.

ಗೇರುಬೀಜದ ಲೆಕ್ಕ:

ಈಗಲೇ ಫೋನ್ ಮಾಡ್ತೇನೆ.